ಲಕ್ವ ಬೇರೆ ರೋಗದ ಹೆಸರಿನಲ್ಲಿ ಬಂದಾಗ

(ಗೋವಾದ ಕನ್ನಡಿಗರ ಸಭೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಪಾರ್ಶ್ವವಾಯು ಅಂದರೆ ಏನೆಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬಾಯಿ ಸೊಟ್ಟಗಾಗುತ್ತದೆ, ಒಂದು ಕಡೆಯ ಕೈಕಾಲು ಬಿದ್ದುಹೋಗುತ್ತದೆ, ಮಾತು ತೊದಲುತ್ತದೆ. ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರದ ಕಡೆ ‘ಲಕ್ವ ಹೊಡೀತು’ ಅಂದರೆ ಮನೆಯ ಸಣ್ಣ ಮಕ್ಕಳಿಗೂ ತಿಳಿಯುತ್ತದೆ. ಆಸ್ಪತ್ರೆಯ ಗೋಡೆಯ ಮೇಲಿನ ಚಿತ್ರಗಳು ಹೇಳುವುದೂ ಇದನ್ನೇ: ಮುಖ ನೋಡಿ, ಕೈ ಎತ್ತಿಸಿ, ಮಾತಾಡಿಸಿ, ಹೊತ್ತು ಕಳೆಯದೆ ಕರೆತನ್ನಿ. ಈ ಪಾಠ ಸರಿಯಾದದ್ದು; ಇದರಿಂದ ಎಷ್ಟೋ ಜೀವ ಉಳಿದಿವೆ. ಆದರೆ ಈ ಚಿತ್ರದೊಳಗೆ ಸೇರದ ಲಕ್ವವೂ ಇದೆ. ಅದು ಪಿತ್ತದಂತೆ ಬರುತ್ತದೆ, ಕುಡಿತದ ಅಮಲಿನಂತೆ ಬರುತ್ತದೆ, ತಲೆ ಕೆಟ್ಟವರ ಮಾತಿನಂತೆ, ಬಾಣಂತಿಯ ಸನ್ನಿಯಂತೆ ಬರುತ್ತದೆ. ಇಂದು ನಾನು ಅದರ ಬಗ್ಗೆ ಮಾತಾಡುತ್ತೇನೆ.

ಇದು ಅಪರೂಪದ ಸಂಗತಿಯಲ್ಲ. ಅಮೆರಿಕದ ಕೆಂಟಕಿಯ ವೈದ್ಯರು 2017ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಮೆದುಳಿನ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಆದ 100 ಜನರಲ್ಲಿ ಸುಮಾರು 14 ಮಂದಿಗೆ ಮುಖ, ಕೈ, ಮಾತು ಈ ಮೂರರಲ್ಲಿ ಯಾವುದೂ ಕೆಟ್ಟಿರಲಿಲ್ಲ. ನಡಿಗೆ ಮತ್ತು ಕಣ್ಣು, ಇವೆರಡನ್ನೂ ಸೇರಿಸಿ ನೋಡಿದಾಗ ಕೈತಪ್ಪುವವರ ಸಂಖ್ಯೆ ನಾಲ್ಕರ ಆಸುಪಾಸಿಗೆ ಇಳಿಯಿತು. ಅದೇ ವರ್ಷ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು, ತುರ್ತು ವಿಭಾಗಕ್ಕೆ ಬಂದ ಪಾರ್ಶ್ವವಾಯು ರೋಗಿಗಳಲ್ಲಿ 100ಕ್ಕೆ ಸುಮಾರು 9 ಜನರನ್ನು ಮೊದಲ ಭೇಟಿಯಲ್ಲಿ ಗುರುತಿಸಲಾಗುತ್ತಿಲ್ಲ ಎಂದರು. ಎಲ್ಲ ಯಂತ್ರಗಳೂ ಇರುವ ಆಸ್ಪತ್ರೆಗಳ ಮಾತು ಇದು. ಮನೆಯಲ್ಲಿ, ಕೆಲಸದ ಜಾಗದಲ್ಲಿ, ಓಣಿಯ ಕ್ಲಿನಿಕ್ಕಿನಲ್ಲಿ ತಪ್ಪಿಹೋಗುವವರು ಈ ಲೆಕ್ಕಕ್ಕೆ ಬಂದೇ ಇಲ್ಲ.

ಹೀಗೇಕಾಗುತ್ತದೆ? ಮೆದುಳಿಗೆ ರಕ್ತ ಕುತ್ತಿಗೆಯ ಮುಂಭಾಗದ ಎರಡು ದೊಡ್ಡ ನಾಳಗಳಿಂದ ಹೋಗುತ್ತದೆ. ಬೆನ್ನುಮೂಳೆಯ ಪಕ್ಕದಿಂದ ಮೇಲೇರುವ ಇನ್ನೆರಡು ನಾಳಗಳಿಂದಲೂ ಹೋಗುತ್ತದೆ. ನಾವೆಲ್ಲ ಬಲ್ಲ ಲಕ್ವ ಹೆಚ್ಚಾಗಿ ಮುಂದಿನ ನಾಳಗಳದ್ದು. ಹಿಂದಿನ ನಾಳಗಳು ಮೆದುಳಿನ ಕಾಂಡಕ್ಕೆ, ದೇಹದ ಸಮತೋಲ ಕಾಯುವ ಕಿರುಮೆದುಳಿಗೆ, ನೋಟವನ್ನು ಅರಿಯುವ ಹಿಂಬದಿಯ ಭಾಗಕ್ಕೆ ರಕ್ತ ಒಯ್ಯುತ್ತವೆ. ಸುಮಾರು ಐದರಲ್ಲಿ ಒಂದು ಪಾರ್ಶ್ವವಾಯು ಈ ಹಿಂಬದಿಯದು. ಅಲ್ಲಿ ರಕ್ತ ಕಟ್ಟಿದರೆ ಕೈಯಲ್ಲಿ ಶಕ್ತಿ ಇದ್ದೇ ಇರಬಹುದು. ಆದರೆ ಮನುಷ್ಯನಿಗೆ ಲೋಕವೇ ಗಿರಗಿರ ತಿರುಗುತ್ತದೆ, ವಾಂತಿ ನಿಲ್ಲುವುದಿಲ್ಲ, ನಿಂತರೆ ಒಂದು ಕಡೆಗೆ ವಾಲುತ್ತಾನೆ, ಒಂದರ ಬದಲು ಎರಡು ಕಾಣುತ್ತದೆ. ನೋಟದ ಅರ್ಧ ಭಾಗ ಹೋಗಿಬಿಟ್ಟಿರುತ್ತದೆ. ಆತ ಬಾಗಿಲ ಚೌಕಟ್ಟಿಗೆ ಹಾಯುತ್ತಾನೆ, ಮನೆಯವರು ‘ಕಣ್ಣಿಗೆ ಪೊರೆ ಬಂದದ’ ಅಂದುಕೊಳ್ಳುತ್ತಾರೆ.

ಈಗ ಗೋವಾದ ಒಂದು ಸಂಜೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಸೆಂಟ್ರಿಂಗ್ ಕೆಲಸ ಮಾಡುವ ನಲವತ್ತೈದರ ಒಬ್ಬಾತ. ಬೀಪಿ ಇದೆ, ಮಾತ್ರೆ ತಗೊಳ್ಳುವುದಿಲ್ಲ. ಶನಿವಾರ ಬಟವಾಡೆಯಾಗಿದೆ, ಒಂದು ಕ್ವಾರ್ಟರ್ ಏರಿಸಿದ್ದಾನೆ. ಖೋಲಿಗೆ ಬರುವಾಗ ದಾರಿಯಲ್ಲಿ ಕಾಲು ಅಗಲಿಸಿ ತೂರಾಡುತ್ತಾನೆ, ಗೋಡೆ ಹಿಡಿಯುತ್ತಾನೆ, ಮೋರಿಯ ಪಕ್ಕ ಕೂತು ವಾಂತಿ ಮಾಡುತ್ತಾನೆ. ನಾಲಗೆ ದಪ್ಪವಾಗಿದೆ. ನೋಡಿದ ಪ್ರತಿಯೊಬ್ಬರಿಗೂ ಕಾರಣ ಗೊತ್ತಿದೆ. ಹೊಟ್ಟೆಪಾಡಿಗೆ ಬಂದ ಕೂಲಿಯವ, ಅದರಲ್ಲೂ ಕನ್ನಡದವ, ತೂರಾಡುತ್ತಿದ್ದರೆ ಈ ಊರಲ್ಲಿ ಎರಡನೆಯ ಕಾರಣವನ್ನು ಯಾರೂ ಹುಡುಕುವುದಿಲ್ಲ. ಜೊತೆಗಾರರು ಎತ್ತಿ ಮಲಗಿಸುತ್ತಾರೆ, ‘ಇಳದ ಮ್ಯಾಲ ಸರಿ ಆಗ್ತಾನ’. ಇಡೀ ಗುಂಪಿನಲ್ಲಿ ಒಬ್ಬಳು ಮಾತ್ರ ಒಪ್ಪುವುದಿಲ್ಲ, ಆತನ ಹೆಂಡತಿ. ‘ಇವ್ರು ಕುಡದ್ರ ಹಿಂಗ ಇರೂದಿಲ್ರೀ. ಕುಡದ್ರ ಮಾತ ಜಾಸ್ತಿ ಆಡ್ತಾರ, ಊಟ ಕೇಳ್ತಾರ. ಇವತ್ತ ತಲಿ ಹಿಡ್ಕೊಂಡು ಕೂತಾರ, ನೀರ ಕುಡದ್ರೂ ಮೂಗಿನ್ಯಾಗ ಬರಾಕತ್ತೈತಿ.’

ಬಂಧುಗಳೇ, ಕುಡಿದಾಗ ತಾನು ಹೇಗಿರುತ್ತೇನೆಂದು ಒಬ್ಬ ಮನುಷ್ಯನಿಗೆ ಗೊತ್ತಿರದಿರಬಹುದು. ಅವನ ಹೆಂಡತಿಗೆ ಗೊತ್ತಿರುತ್ತದೆ. ಆಕೆಯ ಈ ನಾಲ್ಕು ಮಾತಿಗೆ ಯಾವ ಸ್ಕ್ಯಾನಿಗೂ ಇಲ್ಲದ ಬೆಲೆ ಇದೆ. ಬಾಯಲ್ಲಿ ಸಾರಾಯಿ ವಾಸನೆ ಇದೆ ಎಂಬುದರಿಂದ ಅವನು ಕುಡಿದಿದ್ದಾನೆ ಎಂಬುದಷ್ಟೇ ಸಾಬೀತಾಗುತ್ತದೆ. ಅವನಿಗೆ ಬೇರೇನೂ ಆಗಿಲ್ಲ ಎಂದು ಅದು ಹೇಳುವುದಿಲ್ಲ. ಹೆಚ್ಚು ಕುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಇನ್ನೂ ಹೆಚ್ಚು. ಬಿದ್ದು ತಲೆಯೊಳಗೆ ರಕ್ತ ಸೋರುವ ಅಪಾಯ ಬೇರೆ. ಕಿರುಮೆದುಳಿನ ಲಕ್ವ ಆದವನನ್ನು ‘ಇಳಿಯಲಿ’ ಎಂದು ಮಲಗಿಸಿದರೆ, ಆ ಭಾಗ ಬಾತು ಮೆದುಳಿನ ಕಾಂಡವನ್ನು ಒತ್ತಿ ಉಸಿರು ನಿಲ್ಲಬಹುದು. ಸಮಯಕ್ಕೆ ತಂದರೆ ಶಸ್ತ್ರಚಿಕಿತ್ಸೆಯಿಂದ ಆ ಒತ್ತಡ ತೆಗೆದು ಬದುಕಿಸಲು ಬರುತ್ತದೆ.

ಬರೀ ತಲೆಸುತ್ತು, ವಾಂತಿ ಇದ್ದಾಗ ಕಿವಿಯ ತೊಂದರೆಯೋ ಮೆದುಳಿನದೋ ಎಂದು ಹೇಗೆ ತಿಳಿಯುವುದು? ಮನೆಯಲ್ಲಿ ಮಾಡಬಹುದಾದದ್ದು ಒಂದಿದೆ. ಬೀಳದಂತೆ ಪಕ್ಕದಲ್ಲಿ ನಿಂತು, ಆತನನ್ನು ಮಂಚದ ಅಂಚಿನಲ್ಲಿ ಕೈಕಟ್ಟಿ ಕೂರಲು ಹೇಳಿ. ಕಿವಿಯ ತಲೆಸುತ್ತಿನವನಿಗೆ ಕಷ್ಟವಾದರೂ ಸಾಮಾನ್ಯವಾಗಿ ಕೂರಲು ಬರುತ್ತದೆ. ಆಧಾರವಿಲ್ಲದೆ ಕೂರಲಾಗದೆ ಒಂದು ಕಡೆಗೆ ಉರುಳಿದರೆ ಇನ್ನೇನನ್ನೂ ನೋಡಬೇಡಿ, ಆಸ್ಪತ್ರೆಗೆ ಹೊರಡಿಸಿ. ಕೂತ ಮಾತ್ರಕ್ಕೆ ಲಕ್ವ ಅಲ್ಲ ಎಂದೂ ತಿಳಿಯಬೇಡಿ. ವೈದ್ಯರ ಕೈಯಲ್ಲಿ ಇನ್ನೂ ಸೂಕ್ಷ್ಮವಾದ ಪರೀಕ್ಷೆ ಇದೆ. ತಲೆಸುತ್ತು ಇನ್ನೂ ನಡೆದಿರುವಾಗಲೇ, ರೋಗಿಗೆ ತಮ್ಮ ಮೂಗನ್ನೇ ನೋಡಲು ಹೇಳಿ, ಅವನ ತಲೆಯನ್ನು ಚೂರೇ ಚೂರು ಥಟ್ಟನೆ ತಿರುಗಿಸುತ್ತಾರೆ. ಕಿವಿಯ ನರ ಕೆಟ್ಟಿದ್ದರೆ ಕಣ್ಣು ಜಾರಿ ಮತ್ತೆ ಗುರಿಗೆ ಹಾರಿ ಬರುತ್ತದೆ. ಮೆದುಳಿನ ಲಕ್ವದಲ್ಲಿ ಹಲವು ಬಾರಿ ಕಣ್ಣು ಆರೋಗ್ಯವಂತನ ಕಣ್ಣಿನಂತೆ ಗುರಿಯಲ್ಲೇ ನಿಲ್ಲುತ್ತದೆ. ಸಾಮಾನ್ಯವಾಗಿ ಪರೀಕ್ಷೆಯಲ್ಲಿ ‘ನಾರ್ಮಲ್’ ಎಂದರೆ ನೆಮ್ಮದಿ. ನಿರಂತರ ತಲೆಸುತ್ತಿನವನಲ್ಲಿ ಇದೊಂದು ನಾರ್ಮಲ್ ಬಂದರೆ ವೈದ್ಯರು ಗಾಬರಿಯಾಗಬೇಕು. ಅಮೆರಿಕದ ಡಾ. ಡೇವಿಡ್ ನ್ಯೂಮನ್-ಟೋಕರ್ ಮತ್ತು ಅವರ ಸಹೋದ್ಯೋಗಿಗಳು 2009ರಲ್ಲಿ 101 ರೋಗಿಗಳ ಮೇಲೆ ಇದನ್ನೂ ಕಣ್ಣಿನ ಇನ್ನೆರಡು ಚಿಹ್ನೆಗಳನ್ನೂ ಸೇರಿಸಿ ಪರೀಕ್ಷಿಸಿದರು. ಪಾರ್ಶ್ವವಾಯು ಆದವರಲ್ಲಿ 100ಕ್ಕೆ 12ರಷ್ಟು ಜನರ ಮೊದಲ ಎಂಆರ್‌ಐ ಏನೂ ಇಲ್ಲ ಎಂದಿತ್ತು. ಹಾಸಿಗೆಯ ಪಕ್ಕ ನಿಂತ ವೈದ್ಯರ ಕಣ್ಣು ಅವರನ್ನೂ ಹಿಡಿದಿತ್ತು. ಇದಕ್ಕೆ ತರಬೇತಿ ಬೇಕು. ದಯವಿಟ್ಟು ಮನೆಯಲ್ಲಿ ಯಾರ ಕುತ್ತಿಗೆಯನ್ನೂ ತಿರುಗಿಸಬೇಡಿ. ನೀವು ಇದರಿಂದ ತಿಳಿಯಬೇಕಾದದ್ದು ಬೇರೆ: ಸಿಟಿ ಸ್ಕ್ಯಾನ್ ‘ನಾರ್ಮಲ್’ ಬಂತು ಎಂದು ಮನೆಗೆ ಹೊರಡಬೇಡಿ. ರಕ್ತಸ್ರಾವ ಇದ್ದರೆ ಸಿಟಿಯಲ್ಲಿ ಕೂಡಲೇ ಕಾಣುತ್ತದೆ. ರಕ್ತ ಕಟ್ಟಿ ಆದ ಲಕ್ವ ಮೊದಲ ಗಂಟೆಗಳಲ್ಲಿ, ಅದರಲ್ಲೂ ತಲೆಯ ಹಿಂಭಾಗದ್ದು, ಎಷ್ಟೋ ಸಲ ಅದರಲ್ಲಿ ಕಾಣುವುದೇ ಇಲ್ಲ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದು ಬಂದಿರುವ ಮಾತು. ಮೆದುಳಿನ ಎಡಭಾಗದ ಹಿಂದೆ, ಮಾತನ್ನು ಅರ್ಥಮಾಡಿಕೊಳ್ಳುವ ಜಾಗವಿದೆ. ಅಲ್ಲಿಗೆ ಮಾತ್ರ ರಕ್ತ ನಿಂತರೆ ಕೈಕಾಲು ಗಟ್ಟಿಯಾಗಿರುತ್ತವೆ, ಮುಖ ನೆಟ್ಟಗಿರುತ್ತದೆ, ನಾಲಗೆ ತೊದಲುವುದಿಲ್ಲ. ಮಾತು ಹೊಳೆಯಂತೆ ಹರಿಯುತ್ತದೆ. ಅದರಲ್ಲಿ ಅರ್ಥ ಮಾತ್ರ ಇರುವುದಿಲ್ಲ. ‘ನೀರ ಬಾಗಲಕ ಹಚ್ಚಿ ಮೊನ್ನಿ ತಿರುವಿ ಇಡ್ರೀ, ಅದು ಕೆಂಪಂದು ಬರತೈತಿ’ — ಇಂಥ ಮಾತು. ಧಾಟಿ ನಮ್ಮದೇ, ಏರಿಳಿತ ನಮ್ಮದೇ, ‘ರೀ’ ಕೂಡ ತನ್ನ ಜಾಗದಲ್ಲಿದೆ. ನೀವು ಹೇಳಿದ್ದು ಅವನಿಗೆ ತಿಳಿಯುತ್ತಿಲ್ಲ. ತಾನು ಆಡುತ್ತಿರುವುದು ತಪ್ಪೆಂದೂ ಅವನಿಗೆ ಗೊತ್ತಿಲ್ಲ. ಮನೆಯವರು ತಲೆ ಕೆಟ್ಟಿದೆ ಅನ್ನುತ್ತಾರೆ, ಯಾರೋ ಏನೋ ಮಾಡಿಸಿದ್ದಾರೆ ಅನ್ನುತ್ತಾರೆ, ದೇವರು ಕೇಳಲು ಹೊರಡುತ್ತಾರೆ.

ಇಂಥವನನ್ನು ಗೋವಾದ ಒಂದು ಕ್ಯಾಶುವಾಲ್ಟಿಗೆ ಗುತ್ತಿಗೆದಾರನೋ ವಾಚ್‌ಮನ್ನೋ ಕರೆತಂದರೆ ಏನಾಗುತ್ತದೆ ನೋಡಿ. ವೈದ್ಯರ ಮಾತು ಕೊಂಕಣಿ, ಮರಾಠಿ, ಹಿಂದಿ, ಇಂಗ್ಲಿಷ್. ರೋಗಿ ಆಡುತ್ತಿರುವುದು ಕನ್ನಡ ಎಂದು ಅವರಿಗೆ ಗೊತ್ತಾಗುತ್ತದೆ. ಅದು ಕೆಟ್ಟ ಕನ್ನಡ ಎಂದು ಗೊತ್ತಾಗುವುದು ಹೇಗೆ? ‘ಕೈ ಎತ್ತು’ ಎಂದು ಹಿಂದಿಯಲ್ಲಿ ಹೇಳಿದರೆ ಎತ್ತುವುದಿಲ್ಲ. ಹಿಂದಿ ಬರುವುದಿಲ್ಲವೇನೋ ಎಂದು ಬರೆದುಕೊಳ್ಳುತ್ತಾರೆ. ಅವರದೇನೂ ತಪ್ಪಿಲ್ಲ. ಈ ರೋಗವನ್ನು ಕಿವಿಯಿಂದಲೇ ಹಿಡಿಯಬೇಕು, ಆ ಕಿವಿಗೆ ಆ ಭಾಷೆ ಬರಬೇಕು. ಅಲ್ಲಿ ನಿಂತ ಒಬ್ಬ ಕನ್ನಡಿಗ, ಓದು ಬಾರದ ಹೆಣ್ಣುಮಗಳಾದರೂ ಸರಿ, ‘ಇದು ಅವ್ರು ಆಡೋ ಮಾತಲ್ರೀ ಡಾಕ್ಟರೇ’ ಎಂದರೆ ರೋಗ ಅಲ್ಲಿಯೇ ಸಿಕ್ಕಿತು. ಎರಡು ಭಾಷೆ ಬಲ್ಲವರಲ್ಲಿ ಲಕ್ವ ಎರಡನ್ನೂ ಒಂದೇ ಸಮ ಕೆಡಿಸಬೇಕೆಂದಿಲ್ಲ ಎಂಬುದೂ ನೆನಪಿರಲಿ. ನಿನ್ನೆಯವರೆಗೆ ಮೇಸ್ತ್ರಿಯ ಜೊತೆ ಹಿಂದಿ ಆಡುತ್ತಿದ್ದವನಿಗೆ ಇಂದು ಏಕಾಏಕಿ ಹಿಂದಿ ಮರೆತಿದ್ದರೆ, ಅದನ್ನು ವೈದ್ಯರಿಗೆ ಹೇಳಬೇಕಾದವರು ನೀವು.

ಕನ್ನಡದಲ್ಲಿ ಇದನ್ನು ಅಳೆಯುವ ವ್ಯವಸ್ಥೆ ಇದೆ ಎಂಬುದು ನಮಗೆ ಅಭಿಮಾನದ ಸಂಗತಿ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರು, ಮಾತು ಹೋದವರನ್ನು ಪರೀಕ್ಷಿಸುವ ಜಗತ್ಪ್ರಸಿದ್ಧ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ಒಗ್ಗಿಸಿದ್ದಾರೆ. ಶ್ಯಾಮಲಾ ಚೆಂಗಪ್ಪ ಮತ್ತು ರವಿಕುಮಾರ್ ಅದರ ಅಂಕಿಅಂಶಗಳನ್ನು 2008ರಲ್ಲಿ ಪ್ರಕಟಿಸಿದರು. ಅದು ತಜ್ಞರ ಕೈಯ ಉಪಕರಣ. ತುರ್ತಿನಲ್ಲಿ ನಿಮಗೆ ಬೇಕಾದದ್ದು ಮೂರೇ ಪ್ರಶ್ನೆ. ಕೀಲಿಯನ್ನೋ ಚಮಚವನ್ನೋ ತೋರಿಸಿ ‘ಇದೇನು?’ ಎನ್ನಿ. ‘ನಾಳೆ ಬೆಳಿಗ್ಗೆ ಊರಿಗೆ ಹೋಗಬೇಕು’ ಎಂಬಂಥ ಒಂದು ವಾಕ್ಯ ಹೇಳಿ, ತಿರುಗಿ ಹೇಳಿಸಿ. ಸನ್ನೆ ಮಾಡದೆ, ‘ಎಡಗೈಯಿಂದ ಬಲಗಿವಿ ಮುಟ್ಟು’ ಎನ್ನಿ. ಒಂದು ನಿಮಿಷದ ಕೆಲಸ.

ತಿರುವುಮುರುವಾದ ಪ್ರಸಂಗವೂ ಇದೆ. ಬೇರೆ ರೋಗಗಳು ಲಕ್ವದಂತೆ ಕಾಣುವುದು. ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ ಊಟ ಬಿಟ್ಟರೆ, ಸಕ್ಕರೆ ಇಳಿದು ಒಂದು ಕಡೆ ಬಲವೇ ಹೋಗಬಹುದು. ಬೆರಳಿನ ಒಂದು ಹನಿ ರಕ್ತದಿಂದ ಅದು ತಿಳಿಯುತ್ತದೆ. ನೆಲದ ಮೇಲೆ ಮಲಗಿದ್ದವನಿಗೆ ಬೆಳಗಿನ ಜಾವ ಹೊಟ್ಟೆನೋವು, ಎರಡೂ ರೆಪ್ಪೆ ಜೋತುಬಿದ್ದಿವೆ, ನುಂಗಲಾಗುತ್ತಿಲ್ಲ ಎಂದರೆ ಕಟ್ಟುಹಾವಿನ ಕಡಿತವನ್ನು ನೆನೆಯಲೇಬೇಕು. ಅದರ ಹಲ್ಲಿನ ಗುರುತು ಎಷ್ಟೋ ಸಲ ಕಾಣುವುದಿಲ್ಲ, ನೋವೂ ಇರುವುದಿಲ್ಲ.

ಫಿಟ್ಸ್ ಬಂದುಹೋದ ಮೇಲೂ ಒಂದು ಕಡೆಯ ಕೈಕಾಲು ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ ಸೋಲಬಹುದು. ಇದನ್ನು ಹೇಳುವಾಗ ನನಗೆ ಪಣಜಿಯ ಹಳೆಯ ಸಚಿವಾಲಯದ ಪಕ್ಕದಲ್ಲಿರುವ ಅಬ್ಬೆ ಫಾರಿಯಾ ಪ್ರತಿಮೆ ನೆನಪಾಗುತ್ತದೆ. ಕಾಂದೋಳಿಯಲ್ಲಿ 1756ರಲ್ಲಿ ಹುಟ್ಟಿ, ಸಂಮೋಹನ ವಿದ್ಯೆಯಿಂದ ಹೆಸರಾಗಿ, 1819ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ ಗೋವಾದ ಪಾದ್ರಿ ಆತ. ಅಲೆಕ್ಸಾಂಡರ್ ಡ್ಯೂಮಾ ‘ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ ಕಾದಂಬರಿಯಲ್ಲಿ ಆ ಹೆಸರಿನ ಪಾತ್ರವೊಂದನ್ನು ಸೃಷ್ಟಿಸಿದ್ದಾನೆ. ಸೆರೆಮನೆಯಲ್ಲಿ ಆ ಪಾದ್ರಿಗೆ ಮೈ ಸೆಟೆದುಕೊಳ್ಳುವ ರೋಗ ಬರುತ್ತದೆ, ಆಮೇಲೆ ಬಲಗೈ ಬಲಗಾಲು ಬಿದ್ದುಹೋಗುತ್ತವೆ. ರಾಬರ್ಟ್ ಬೆಂಟ್ಲಿ ಟಾಡ್ ಎಂಬ ವೈದ್ಯರು ಫಿಟ್ಸಿನ ನಂತರದ ಈ ಸೋಲನ್ನು ವರ್ಣಿಸಿದ್ದು ಕಾದಂಬರಿ ಪೂರ್ತಿ ಅಚ್ಚಾದ ಕೆಲವು ವರ್ಷಗಳಿಗೆ, 1849ರಲ್ಲಿ. ಆದರೆ ಟಾಡ್ ಹೇಳಿದ ಸೋಲು ವಾಸಿಯಾಗುವಂಥದ್ದು. ಕಾದಂಬರಿಯ ಪಾದ್ರಿಯ ಕೈ ಮತ್ತೆ ಏಳಲೇ ಇಲ್ಲ. ಅದು ಫಿಟ್ಸಿನ ರೂಪದಲ್ಲಿ ಬಂದ ಲಕ್ವವೇ ಎಂದು ನನ್ನ ಅಭಿಪ್ರಾಯ. ಹಾಸಿಗೆಯ ಪಕ್ಕದಲ್ಲಿ ನಿಂತಾಗ ಈ ಎರಡನ್ನು ಬೇರ್ಪಡಿಸುವುದು ಇಂದಿಗೂ ಸುಲಭವಲ್ಲ. ಅದಕ್ಕೇ ಮನೆಯವರು ‘ಫಿಟ್ಸ್ ತಾನೇ’ ಎಂದು ತೀರ್ಮಾನಿಸಿ ಕೂರಬಾರದು.

ಈ ಸಾಲಿನಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಮುಖದ ನರ ಬಾತು ಬಾಯಿ ಸೊಟ್ಟಗಾಗುವ ರೋಗ, ಬೆಲ್ಸ್ ಪಾಲ್ಸಿ. ಇದರಲ್ಲಿ ಹಣೆಯೂ ಸುಕ್ಕುಗಟ್ಟುವುದಿಲ್ಲ, ಆ ಕಡೆಯ ಕಣ್ಣೂ ಮುಚ್ಚುವುದಿಲ್ಲ. ಸಾಮಾನ್ಯ ಲಕ್ವದಲ್ಲಿ ಹಣೆ ಉಳಿಯುತ್ತದೆ. ಬೆಲ್ಸ್ ಪಾಲ್ಸಿ ಬಂದವರಲ್ಲಿ ಔಷಧಿಯೇ ಇಲ್ಲದೆ 100ಕ್ಕೆ ಸುಮಾರು 70 ಜನ ಪೂರ್ತಿ ವಾಸಿಯಾಗುತ್ತಾರೆ. ಈ ಎಪ್ಪತ್ತು ಜನರೇ ನಮ್ಮ ಕಡೆಯ ‘ಲಕ್ವದ ಔಷಧಿ’ ಕೊಡುವವರ ಕೀರ್ತಿಗೆ ಕಾರಣ. ಎಣ್ಣೆ ತಿಕ್ಕಿದರು, ಪಾರಿವಾಳದ ರಕ್ತ ಹಚ್ಚಿದರು, ಎರಡು ತಿಂಗಳಲ್ಲಿ ಬಾಯಿ ನೆಟ್ಟಗಾಯಿತು, ಊರೆಲ್ಲ ಸುದ್ದಿಯಾಯಿತು. ಆ ಸುದ್ದಿಯನ್ನು ನಂಬಿ, ನಿಜವಾದ ಲಕ್ವ ಹೊಡೆದವನನ್ನು ಗೋವಾದಿಂದ ರಾತ್ರಿ ಬಸ್ಸಿಗೆ ಹತ್ತಿಸುತ್ತಾರೆ. ಅನಮೋಡ ಘಾಟ್ ಹತ್ತಿ, ಲೋಂಡಾ ದಾಟಿ, ಧಾರವಾಡದಾಚೆ ಊರು ಮುಟ್ಟುವಷ್ಟರಲ್ಲಿ ಬೆಳಗಾಗಿರುತ್ತದೆ.

ಆ ರಾತ್ರಿಯಲ್ಲಿ ಏನು ಕಳೆದುಹೋಗುತ್ತದೆ ಎಂದು ಹೇಳುತ್ತೇನೆ. ದೊಡ್ಡ ನಾಳ ಕಟ್ಟಿದಾಗ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರ ಒಂದು ಲೆಕ್ಕ. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಬಹುದಾದ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ನಾಳದೊಳಗೆ ತಂತಿ ಹಾಯಿಸಿ ಹೆಪ್ಪನ್ನು ಎಳೆದು ತೆಗೆಯುವ ಚಿಕಿತ್ಸೆಯನ್ನು ಆಯ್ದ ಕೆಲವರಿಗೆ 24 ಗಂಟೆಯವರೆಗೂ ಮಾಡಬಹುದು ಎಂದು 2018ರಲ್ಲಿ ಗೊತ್ತಾಯಿತು. ಗಡಿಯಾರ ಓಡತೊಡಗುವುದು ನೀವು ನೋಡಿದ ಹೊತ್ತಿನಿಂದಲ್ಲ. ಆತ ಸರಿಯಿದ್ದದ್ದನ್ನು ಕೊನೆಯ ಬಾರಿ ಯಾರಾದರೂ ಕಂಡ ಹೊತ್ತಿನಿಂದ.

ಬಾಣಂತಿಯರ ವಿಷಯ ಹೇಳದೆ ಈ ಉಪನ್ಯಾಸ ಮುಗಿಸಲಾರೆ. ಹೆರಿಗೆಯಾದ ಕೆಲವು ವಾರ ಹೆಣ್ಣುಮಕ್ಕಳ ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆ. ಮೈಯಲ್ಲಿ ರಕ್ತ ಕಡಿಮೆ. ಮೇಲೆ ‘ಬಾಣಂತಿಗೆ ನೀರು ಹೆಚ್ಚು ಕೊಡಬಾರದು’ ಎಂಬ ಕಟ್ಟುಪಾಡು ನಮ್ಮ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಆಗ ಮೆದುಳಿನಿಂದ ರಕ್ತ ಹೊರಗೆ ಒಯ್ಯುವ ನಾಳಗಳಲ್ಲೇ ಹೆಪ್ಪು ಕಟ್ಟಬಹುದು. ದಿನದಿನಕ್ಕೆ ಏರುವ ತಲೆನೋವು, ವಾಂತಿ, ಕಣ್ಣು ಮಂಜು, ಆಮೇಲೆ ಫಿಟ್ಸ್, ಬಡಬಡಿಕೆ. ಇದಕ್ಕೆ ಬಾಣಂತಿ ಸನ್ನಿ ಎಂಬ ಹೆಸರು ಸಿದ್ಧವಾಗಿದೆ, ಗಾಳಿ ಸೋಕಿದೆ ಎಂಬ ವಿವರಣೆಯೂ ಸಿದ್ಧವಾಗಿದೆ. ಮದುರೆಯ ಡಾ. ಕೆ. ಶ್ರೀನಿವಾಸನ್ 1983ರಲ್ಲಿ ಬಸುರಿ–ಬಾಣಂತಿಯರ ಮೆದುಳಿನ ರಕ್ತನಾಳಗಳಲ್ಲಿ ಹೆಪ್ಪು ಕಟ್ಟಿದ 135 ಪ್ರಕರಣಗಳನ್ನು ವರದಿ ಮಾಡಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಡಿ. ನಾಗರಾಜ ಮತ್ತು ಸಂಗಡಿಗರು ಈ ಹೆಣ್ಣುಮಕ್ಕಳಿಗೆ ಹೆಪಾರಿನ್ ಎಂಬ ಔಷಧಿಯ ಉಪಯೋಗವನ್ನು ಅಭ್ಯಸಿಸಿದರು. ಬೇಗ ಗುರುತಿಸಿದರೆ ಇವರಲ್ಲಿ ಹೆಚ್ಚಿನವರು ಎದ್ದು ಓಡಾಡಿ ಮಗುವನ್ನು ಸಾಕುತ್ತಾರೆ. ಇಪ್ಪತ್ತೆರಡರ ಹುಡುಗಿ ಕುಡಿಯುವ ನೀರಿನ ಕೊರತೆಯಿಂದಲೂ ಒಂದು ತಪ್ಪು ಹೆಸರಿನಿಂದಲೂ ಸಾಯುವುದನ್ನು ಸಹಿಸಿಕೊಳ್ಳಲು ನಮಗೆ ಯಾವ ಕಾರಣವೂ ಇಲ್ಲ.

ಹಾಗಾದರೆ ಸಂಶಯ ಬಂದಾಗ ಏನು ಮಾಡಬೇಕು? ಒಂದು ಕ್ಷಣದ ಹಿಂದೆ ಇದ್ದಂತೆ ಈಗ ಇಲ್ಲ ಎಂಬಷ್ಟು ಹಠಾತ್ತಾಗಿ ಬಂದದ್ದು ಯಾವುದೇ ಆಗಲಿ, 108ಕ್ಕೆ ಫೋನ್ ಮಾಡಿ. ಬಾಯಿಗೆ ನೀರು, ಚಹಾ, ಮಾತ್ರೆ ಏನೂ ಹಾಕಬೇಡಿ; ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೃದಯಕ್ಕೆಂದು ಮನೆಯಲ್ಲಿಟ್ಟ ಆಸ್ಪಿರಿನ್ ಕೂಡ ಬೇಡ. ಒಳಗೆ ರಕ್ತ ಕಟ್ಟಿದೆಯೋ ಸೋರುತ್ತಿದೆಯೋ ಸ್ಕ್ಯಾನ್ ಆಗುವವರೆಗೆ ಯಾರಿಗೂ ತಿಳಿಯದು. ವಾಸ್ಕೊದಿಂದ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗುವಾಗ ಕುಠ್ಠಾಳಿಯಲ್ಲಿ ಗಂಟೆಗಟ್ಟಲೆ ಸಿಕ್ಕಿಬೀಳುತ್ತಿದ್ದ ಕಾಲವೊಂದಿತ್ತು. 2022ರ ಡಿಸೆಂಬರಿನಲ್ಲಿ ಹೊಸ ಜುವಾರಿ ಸೇತುವೆ ತೆರೆದ ಮೇಲೆ ಆ ನೆಪ ಕಡಿಮೆಯಾಗಿದೆ. ಕಾರವಾರದ ನಮ್ಮ ಜನ 90 ಕಿಲೋಮೀಟರು ದಾಟಿ ಅದೇ ಆಸ್ಪತ್ರೆಗೆ ಬರುತ್ತಾರೆ. ಅವರಿಗೆ ಮೊದಲ ಅರ್ಧ ಗಂಟೆಯ ತೀರ್ಮಾನ ನಮಗಿಂತ ಹೆಚ್ಚು ಮುಖ್ಯ.

ಈ ಸಭೆಯ ಮುಂದೆ ನನ್ನದೊಂದು ಬೇಡಿಕೆ ಇದೆ. ರಾತ್ರಿ ಯಾವ ಹೊತ್ತಿಗೆ ಕರೆದರೂ ಫೋನಿನಲ್ಲಿ ಸಿಗುವ, ಕನ್ನಡವನ್ನೂ ಕೊಂಕಣಿ ಅಥವಾ ಹಿಂದಿಯನ್ನೂ ಚೆನ್ನಾಗಿ ಬಲ್ಲ ಹತ್ತಿಪ್ಪತ್ತು ಜನರ ಪಟ್ಟಿಯೊಂದನ್ನು ಮಾಡೋಣ. ಯಾರು ಯಾವ ವಾರ ಎಂದು ಹಂಚಿಕೊಳ್ಳೋಣ. ಆ ಪಟ್ಟಿಯನ್ನು ಬಾಂಬೋಳಿಯ ಕ್ಯಾಶುವಾಲ್ಟಿಗೆ, ಮಡಗಾಂವ್‌ನ ಜಿಲ್ಲಾ ಆಸ್ಪತ್ರೆಗೆ, ಚಿಕಲಿಯ ಆಸ್ಪತ್ರೆಗೆ ಕೊಟ್ಟುಬರೋಣ. ಕರೆ ಬಂದಾಗ ನೀವು ಕೇಳಬೇಕಾದದ್ದು ಇಷ್ಟು: ಕೊನೆಯ ಬಾರಿ ಸರಿಯಿದ್ದದ್ದು ಯಾವಾಗ, ಯಾವ ಯಾವ ಮಾತ್ರೆ ತಗೊಳ್ಳುತ್ತಾರೆ, ರಕ್ತ ತೆಳು ಮಾಡುವ ಮಾತ್ರೆ ಇದೆಯೇ, ಮತ್ತು ಅವರ ಕನ್ನಡ ದಿನದ ಕನ್ನಡದಂತೆ ಇದೆಯೇ. ಹೆಸರು ಬರೆಸುವವರಿಗಾಗಿ ಬಾಗಿಲ ಬಳಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ.